ದೊಡ್ಡ ಟೈರಿಗೆ ತಕ್ಕ ಕ್ರೌನ್ ಪಿನಿಯನ್

ಪಿಕಪ್ ಟ್ರಕ್ಕಿನ ಎಂಜಿನ್ ತಿರುಗುವ ವೇಗ ಚಕ್ರ ತಲುಪುವಷ್ಟರಲ್ಲಿ ಎರಡು ಕಡೆ ಬದಲಾಗುತ್ತದೆ. ಮೊದಲನೆಯದು ಗೇರ್ ಬಾಕ್ಸ್. ಅಲ್ಲಿನ ಅನುಪಾತವನ್ನು ಚಾಲಕನೋ ಕಂಪ್ಯೂಟರೋ ಗಳಿಗೆಗೊಮ್ಮೆ ಬದಲಿಸಬಹುದು. ಎರಡನೆಯದು ಹಿಂದಿನ ಆಕ್ಸಲ್ಲಿನ ನಡುವೆ ಗುಂಡಗೆ ಉಬ್ಬಿಕೊಂಡಿರುವ ಹೌಸಿಂಗಿನೊಳಗಿನ ಕ್ರೌನ್ ಮತ್ತು ಪಿನಿಯನ್. ಇದರ ಅನುಪಾತ ಕಾರ್ಖಾನೆಯಲ್ಲಿ ಒಮ್ಮೆ ನಿಗದಿಯಾದರೆ ಮುಗಿಯಿತು. ಹೌಸಿಂಗ್ ಬಿಚ್ಚಿ ಬೇರೆ ಜೋಡಿ ಕೂರಿಸುವವರೆಗೆ ಅದು ಅಷ್ಟೇ. ಇವೆರಡರ ನಂತರ ಬರುವ ಟೈರನ್ನು ಯಾರೂ ಗೇರ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆಕ್ಸಲ್ ಒಂದು ಸುತ್ತು ತಿರುಗಿದಾಗ ಗಾಡಿ ಎಷ್ಟು ದೂರ ಸಾಗಬೇಕು ಎಂಬುದನ್ನು ತೀರ್ಮಾನಿಸುವುದು ಟೈರಿನ ವ್ಯಾಸವೇ. ಹಾಗಾಗಿ ಟೈರ್ ಬದಲಿಸಿದವನು, ತಿಳಿದೋ ತಿಳಿಯದೆಯೋ, ಗೇರ್ ಅನುಪಾತವನ್ನೇ ಬದಲಿಸಿರುತ್ತಾನೆ.

ಆಕ್ಸಲ್ ಅನುಪಾತವೆಂದರೆ ಹಲ್ಲುಗಳ ಲೆಕ್ಕ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲರ್ ಶಾಫ್ಟಿನ ತುದಿಯಲ್ಲಿ ಚಿಕ್ಕ ಪಿನಿಯನ್ ಇರುತ್ತದೆ. ಅದು ಅಗಲವಾದ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಕ್ರೌನಿಗೆ 41 ಹಲ್ಲು, ಪಿನಿಯನ್‌ಗೆ 11 ಹಲ್ಲು ಇದ್ದರೆ ಅನುಪಾತ 3.73. ಶಾಫ್ಟ್ 3.73 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 41ಕ್ಕೆ 10 ಇದ್ದರೆ 4.10, 39ಕ್ಕೆ 8 ಇದ್ದರೆ 4.88. ಸಂಖ್ಯೆ ದೊಡ್ಡದಾದಷ್ಟೂ ಚಕ್ರಕ್ಕೆ ಸಿಗುವ ಎಳೆತ ಹೆಚ್ಚು, ಆದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. ಸಂಖ್ಯೆ ಚಿಕ್ಕದಾದರೆ ಎಂಜಿನ್ ಆರಾಮವಾಗಿರುತ್ತದೆ, ಏರು ಬಂದಾಗ ಮಾತ್ರ ಏದುಸಿರು ಬಿಡುತ್ತದೆ.

ಅಮೆರಿಕದಲ್ಲಿ ಪಿಕಪ್ ಕೊಳ್ಳುವವರಿಗೆ ಈ ಸಂಖ್ಯೆಯನ್ನು ಆರಿಸಿಕೊಳ್ಳುವ ಅವಕಾಶ ಬಹಳ ಕಾಲದಿಂದಲೂ ಇದೆ. ಫೋರ್ಡ್ ಕಂಪನಿಯ ಎಫ್-150 ಅಲ್ಲಿನ ಅತಿ ಹೆಚ್ಚು ಮಾರಾಟವಾಗುವ ಗಾಡಿಗಳಲ್ಲೊಂದು. ಕಳೆದ ದಶಕದಲ್ಲಿ ಅದು ಎಂಜಿನ್ ಮತ್ತು ಮಾದರಿಗೆ ತಕ್ಕಂತೆ 3.15, 3.31, 3.55, 3.73 ಅನುಪಾತಗಳಲ್ಲಿ ಬರುತ್ತಿತ್ತು. ಒಬ್ಬನೇ ಓಡಾಡಿಕೊಂಡು ಇಂಧನ ಉಳಿಸುವವನಿಗೆ ಚಿಕ್ಕ ಸಂಖ್ಯೆ, ದೋಣಿಯನ್ನೋ ಕುದುರೆಗಳನ್ನೋ ಟ್ರೇಲರಿನಲ್ಲಿ ಎಳೆಯುವವನಿಗೆ ದೊಡ್ಡ ಸಂಖ್ಯೆ. ಕಂಪನಿ ಒಂದೊಂದು ಅನುಪಾತವನ್ನೂ ಒಂದು ನಿರ್ದಿಷ್ಟ ಅಳತೆಯ ಟೈರನ್ನು ಲೆಕ್ಕದಲ್ಲಿಟ್ಟುಕೊಂಡೇ ಕೂರಿಸಿರುತ್ತದೆ. ತೊಡಕು ಶುರುವಾಗುವುದು ಮಾಲೀಕ ಆ ಟೈರನ್ನು ಕಳಚಿ 35 ಇಂಚಿನದನ್ನು ಹಾಕಿದ ದಿನ.

ದೊಡ್ಡ ಟೈರಿನ ಆಸೆ ಬರೀ ನೋಟಕ್ಕಾಗಿ ಎಂದು ತಳ್ಳಿಹಾಕುವಂತಿಲ್ಲ, ನೋಟದ ಪಾಲೇ ದೊಡ್ಡದು ಎಂಬುದು ನಿಜವಾದರೂ. ಸಸ್ಪೆನ್ಷನ್ ಎತ್ತರಿಸುವ ಲಿಫ್ಟ್ ಕಿಟ್ ಹಾಕಿದರೆ ಬಾಡಿ ಮೇಲೇರುತ್ತದೆ, ಆಕ್ಸಲ್ ಮಾತ್ರ ಇದ್ದಲ್ಲೇ ಇರುತ್ತದೆ. ಕಲ್ಲುಬಂಡೆಗೆ ಮೊದಲು ಬಡಿಯುವುದು ಆಕ್ಸಲ್ಲಿನ ಹೌಸಿಂಗೇ. ಅದನ್ನು ನೆಲದಿಂದ ಮೇಲೆತ್ತಲು ಇರುವ ಸರಳ ಉಪಾಯ ಟೈರ್ ದೊಡ್ಡದು ಮಾಡುವುದು. ಅದರಲ್ಲೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧ ಮಾತ್ರ ಎತ್ತರವಾಗಿ ಸಿಗುತ್ತದೆ. ಕೆಸರು, ಮರಳು, ಕಲ್ಲುದಾರಿಗಳಲ್ಲಿ ಈ ಮೂರು ನಾಲ್ಕು ಸೆಂಟಿಮೀಟರಿಗೂ ಬೆಲೆ ಇದೆ.

ಲೆಕ್ಕ ಮಾಡಲು ಮೊದಲು ಎರಡೂ ಟೈರುಗಳ ವ್ಯಾಸ ಬೇಕು. ಎಫ್-150ಯ ಅನೇಕ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಬರುವ ಟೈರಿನ ಮೇಲೆ 275/65 ಆರ್18 ಎಂದಿರುತ್ತದೆ. 275 ಎಂಬುದು ಮಿಲಿಮೀಟರಿನಲ್ಲಿ ಅಗಲ. 65 ಎಂದರೆ ಆ ಅಗಲದ ಶೇ 65ರಷ್ಟು ಟೈರಿನ ಪಕ್ಕದ ಗೋಡೆಯ ಎತ್ತರ, ಸುಮಾರು 179 ಮಿ.ಮೀ. 18 ಎಂಬುದು ಟೈರ್ ಕೂರುವ ಡಿಸ್ಕಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡ, ಇಂಚು ಮೂರನ್ನೂ ಬೆರೆಸಿದ ಈ ಪದ್ಧತಿಯನ್ನು ಯಾರೂ ಹೊಗಳಲಾರರು, ಆದರೆ ಜಗತ್ತೆಲ್ಲ ಅದನ್ನೇ ಬಳಸುತ್ತಿದೆ. ಗೋಡೆಯ ಎತ್ತರದ ಎರಡರಷ್ಟಕ್ಕೆ ಡಿಸ್ಕಿನ 457 ಮಿ.ಮೀ. ಕೂಡಿಸಿದರೆ ವ್ಯಾಸ 815 ಮಿ.ಮೀ., ಅಂದರೆ 32 ಇಂಚು. ಆಫ್‌ರೋಡ್ ಟೈರುಗಳು ಹಲವು ಸಲ 35×12.50 ಆರ್17 ಎಂಬ ರೂಪದಲ್ಲಿ ಬರುತ್ತವೆ. ಅಲ್ಲಿ ಮೊದಲ ಸಂಖ್ಯೆಯೇ ಇಂಚಿನಲ್ಲಿ ವ್ಯಾಸ, 889 ಮಿ.ಮೀ.

ಇದು ಕಾಗದದ ಮೇಲಿನ ವ್ಯಾಸ. 35 ಎಂದು ಮಾರುವ ಟೈರ್ ಅಳೆದರೆ ಪೂರ್ತಿ 35 ಇರುವುದು ಅಪರೂಪ. ಗಾಡಿಯ ಭಾರಕ್ಕೆ ತಳ ಚಪ್ಪಟೆಯಾಗಿ ಉರುಳುವ ಸುತ್ತಳತೆ ಇನ್ನೂ ಸ್ವಲ್ಪ ತಗ್ಗುತ್ತದೆ. ಆದ್ದರಿಂದ ಟೈರ್ ಕಂಪನಿಗಳು ಒಂದು ಮೈಲಿಗೆ ಟೈರ್ ಎಷ್ಟು ಸುತ್ತು ತಿರುಗುತ್ತದೆ ಎಂಬ ಸಂಖ್ಯೆಯನ್ನೂ ತಮ್ಮ ಪಟ್ಟಿಯಲ್ಲಿ ಕೊಡುತ್ತವೆ. ಹಳೆ ಟೈರಿನ ಸುತ್ತನ್ನು ಹೊಸ ಟೈರಿನ ಸುತ್ತಿನಿಂದ ಭಾಗಿಸಿದರೆ ಸಿಗುವ ಉತ್ತರ ವ್ಯಾಸದ ಲೆಕ್ಕಕ್ಕಿಂತ ನಂಬಿಕೆಗೆ ಅರ್ಹ. ಅದು ಸಿಗದಿದ್ದರೆ ವ್ಯಾಸದ ಲೆಕ್ಕವೂ ಸಾಕು, ಏಕೆಂದರೆ ಕೊನೆಗೆ ಆರಿಸಬೇಕಾದದ್ದು ಅಂಗಡಿಯಲ್ಲಿ ಸಿಗುವ ನಾಲ್ಕೈದು ಅನುಪಾತಗಳಲ್ಲಿ ಒಂದನ್ನು.

3.55 ಆಕ್ಸಲ್ ಇರುವ ಎಫ್-150ಗೆ 32 ಇಂಚು ತೆಗೆದು 35 ಹಾಕಿದರೆ ವ್ಯಾಸ ಶೇ 9ರಷ್ಟು ಹೆಚ್ಚಿತು. ಎಂಜಿನ್ ಕೊಡುವ ಟಾರ್ಕ್ ಅಷ್ಟೇ ಇದೆ. ಅದು ಈಗ ಉದ್ದವಾದ ತ್ರಿಜ್ಯದ ತುದಿಯಲ್ಲಿ ನೆಲವನ್ನು ತಳ್ಳಬೇಕು. ನೆಲದ ಮೇಲಿನ ತಳ್ಳುವ ಬಲ ಶೇ 8ಕ್ಕೂ ಹೆಚ್ಚು ಕುಸಿಯುತ್ತದೆ. ಇನ್ನೊಂದು ರೀತಿಯಲ್ಲಿ ಲೆಕ್ಕ ಹಾಕಿದರೆ ಆ ಗಾಡಿಯ ಆಕ್ಸಲ್ ಈಗ 3.55 ಅಲ್ಲ, 3.25ರಂತೆ ನಡೆದುಕೊಳ್ಳುತ್ತದೆ. ಶೋರೂಮಿನಲ್ಲಿ ದುಡ್ಡು ಕೊಟ್ಟು 3.31 ಬೇಡವೆಂದು 3.55 ಆರಿಸಿಕೊಂಡವನು ಟೈರಿನಂಗಡಿಗೆ ಮತ್ತೆ ದುಡ್ಡು ಕೊಟ್ಟು 3.31ಕ್ಕಿಂತ ಕೆಳಗಿಳಿದಂತಾಯಿತು.

ಹೆದ್ದಾರಿಯಲ್ಲಿ ಇದರ ಪರಿಣಾಮ ಎಂಜಿನ್ ಸುತ್ತಿನಲ್ಲಿ ಕಾಣುತ್ತದೆ. ಗಂಟೆಗೆ 110 ಕಿ.ಮೀ. ವೇಗದಲ್ಲಿ 815 ಮಿ.ಮೀ. ಟೈರ್ ನಿಮಿಷಕ್ಕೆ ಸುಮಾರು 716 ಸುತ್ತು ತಿರುಗುತ್ತದೆ. ಅದನ್ನು 3.55ರಿಂದ, ಮತ್ತೆ ಆರು ಗೇರಿನ ಆಟೊಮ್ಯಾಟಿಕ್ಕಿನ ಕೊನೆಯ ಗೇರಾದ 0.69ರಿಂದ ಗುಣಿಸಿದರೆ ಎಂಜಿನ್ 1,754 ಆರ್‌ಪಿಎಂ. 35 ಇಂಚಿನ ಟೈರಿನಲ್ಲಿ ಅದೇ ವೇಗಕ್ಕೆ 1,608. ಸುತ್ತು ಕಡಿಮೆಯಾದರೆ ಇಂಧನ ಉಳಿಯುತ್ತದೆಯಲ್ಲ ಎಂದು ತೋರಬಹುದು. ಸಮತಟ್ಟಾದ ರಸ್ತೆಯಲ್ಲಿ, ಎದುರುಗಾಳಿ ಇಲ್ಲದೆ, ಹಗುರ ಗಾಡಿಯಲ್ಲಿ ಸ್ವಲ್ಪ ಉಳಿದೀತು. ಆದರೆ ದೊಡ್ಡ ಟೈರ್ ಹಾಕಿದ ಗಾಡಿ ಎತ್ತರವಾಗಿರುತ್ತದೆ, ಗಾಳಿಯನ್ನು ಹೆಚ್ಚು ಸೀಳಬೇಕಾಗುತ್ತದೆ, ಒರಟು ಗಟ್ಟೆಗಳ ಟೈರ್ ಉರುಳಲು ಹೆಚ್ಚು ಶಕ್ತಿ ಕೇಳುತ್ತದೆ. 1,608ರಲ್ಲಿ ಪೆಟ್ರೋಲ್ ಎಂಜಿನ್‌ಗೆ ಅಷ್ಟು ತಾಕತ್ತು ಇರುವುದಿಲ್ಲ. ಸಣ್ಣ ಏರು ಬಂದರೂ ಗೇರ್ ಬಾಕ್ಸ್ ಆರರಿಂದ ಐದಕ್ಕೆ ಇಳಿಯುತ್ತದೆ, ಏರು ಮುಗಿಯಿತೆಂದು ಆರಕ್ಕೆ ಹೋಗುತ್ತದೆ, ಮತ್ತೆ ಐದಕ್ಕೆ ಬರುತ್ತದೆ. ಪ್ರತಿ ಬದಲಾವಣೆಗೂ ಟಾರ್ಕ್ ಕನ್ವರ್ಟರಿನ ಲಾಕ್ ಬಿಟ್ಟು ಹಿಡಿಯುತ್ತದೆ, ಕ್ಲಚ್‌ಗಳು ಉಜ್ಜುತ್ತವೆ, ಗೇರ್ ಬಾಕ್ಸಿನ ಎಣ್ಣೆ ಕಾಯುತ್ತದೆ. ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಆಯುಸ್ಸನ್ನು ಕಾದ ಎಣ್ಣೆಯಷ್ಟು ಬೇಗ ತಿನ್ನುವುದು ಬೇರಾವುದೂ ಇಲ್ಲ. ಟ್ರೇಲರ್ ಕಟ್ಟಿದ್ದರಂತೂ ಕೊನೆಯ ಒಂದೆರಡು ಗೇರ್‌ಗಳು ಇದ್ದೂ ಇಲ್ಲದಂತೆ.

ಊರೊಳಗೆ ಕಷ್ಟ ಬೇರೆ ಬಗೆಯದು. 35 ಇಂಚಿನ ಭಾರಿ ಟೈರ್ ಕಾರ್ಖಾನೆಯ ಟೈರಿಗಿಂತ ಒಂದೊಂದೂ ಸುಮಾರು ಹತ್ತು ಕಿಲೋ ಹೆಚ್ಚು ತೂಗುತ್ತದೆ, ಆ ತೂಕದ ಬಹುಪಾಲು ಇರುವುದು ಹೊರಅಂಚಿನಲ್ಲಿ. ಟ್ರಕ್ಕಿನ ಮೇಲೆ ಹೇರಿದ ನಲವತ್ತು ಕಿಲೋಗಿಂತ ಚಕ್ರದ ಅಂಚಿನ ನಲವತ್ತು ಕಿಲೋ ಹೆಚ್ಚು ಕಾಡುತ್ತದೆ, ಏಕೆಂದರೆ ಅದನ್ನು ಮುಂದೆ ಸಾಗಿಸಿದರಷ್ಟೇ ಸಾಲದು, ತಿರುಗಿಸಲೂ ಬೇಕು. ಸಿಗ್ನಲ್ಲಿನಿಂದ ಹೊರಡುವಾಗ ಗಾಡಿ ಜಡವಾಗಿ ತೋರುತ್ತದೆ. ನಿಲ್ಲಿಸುವಾಗ ಬ್ರೇಕಿಗೂ ಅದೇ ಹೊರೆ. ಕ್ರೌನ್ ಪಿನಿಯನ್ ಬದಲಿಸಿದರೆ ಹೊರಡುವ ಕಷ್ಟ ನೀಗುತ್ತದೆ, ನಿಲ್ಲುವ ಕಷ್ಟ ಹಾಗೇ ಉಳಿಯುತ್ತದೆ. ಅನುಪಾತದ ಲೆಕ್ಕದಲ್ಲಿ ಮುಳುಗಿದವರು ಮರೆಯುವ ಸಂಗತಿ ಇದು.

ಹೊಸ ಅನುಪಾತ ಕಂಡುಹಿಡಿಯುವ ಸೂತ್ರ ಸರಳ: ಹಳೆ ಅನುಪಾತವನ್ನು ಹೊಸ ವ್ಯಾಸದಿಂದ ಗುಣಿಸಿ ಹಳೆ ವ್ಯಾಸದಿಂದ ಭಾಗಿಸಬೇಕು. 3.55ನ್ನು 889ರಿಂದ ಗುಣಿಸಿ 815ರಿಂದ ಭಾಗಿಸಿದರೆ 3.87. ಹಳೆ ಅನುಪಾತ ಗೊತ್ತಿಲ್ಲದಿದ್ದರೆ ಗಾಡಿಯಲ್ಲೇ ಬರೆದಿರುತ್ತದೆ. ಫೋರ್ಡ್ ಗಾಡಿಯ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಆಕ್ಸಲ್ ಸಂಕೇತ ಇರುತ್ತದೆ. ಜನರಲ್ ಮೋಟರ್ಸ್ ಪಿಕಪ್‌ಗಳಲ್ಲಿ ಜಿಯು6 ಎಂದಿದ್ದರೆ 3.42, ಜಿಟಿ4 ಎಂದಿದ್ದರೆ 3.73. ಹಳೆ ಗಾಡಿ ಕೊಂಡವರು ಸ್ಟಿಕ್ಕರನ್ನು ಪೂರ್ತಿ ನಂಬಬಾರದು, ಹಿಂದಿನ ಮಾಲೀಕ ಹೌಸಿಂಗ್ ಬಿಚ್ಚಿರಬಹುದು. ಮುಂದಿನ ಚಕ್ರಗಳಿಗೆ ಭದ್ರವಾಗಿ ಅಡೆಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿಯಿಂದೆತ್ತಿ ಎರಡು ಸುತ್ತು ತಿರುಗಿಸಿ, ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತಿತೆಂದು ಎಣಿಸಿದರೆ, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಅದೇ ಅನುಪಾತ. ಮೂರೂವರೆಗಿಂತ ತುಸು ಹೆಚ್ಚೆಂದರೆ 3.55, ನಾಲ್ಕಕ್ಕಿಂತ ತುಸು ಹೆಚ್ಚೆಂದರೆ 4.10. ಎರಡೂ ಚಕ್ರಗಳನ್ನು ಒಟ್ಟಿಗೆ ಹಿಡಿದಿಡುವ ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ ಇರುವ ಆಕ್ಸಲ್ಲಿನಲ್ಲಿ ಎರಡೂ ಚಕ್ರಗಳನ್ನೆತ್ತಿ ಒಂದು ಸುತ್ತು ತಿರುಗಿಸಬೇಕು.

3.87 ಎಂಬ ಜೋಡಿ ಆ ಆಕ್ಸಲ್ಲಿಗೆ ಅಂಗಡಿಯಲ್ಲಿ ಸಿಗದು. ಇರುವುದು 3.73 ಮತ್ತು 4.10. ಮೊದಲನೆಯದರಲ್ಲಿ 110 ಕಿ.ಮೀ. ವೇಗಕ್ಕೆ ಎಂಜಿನ್ 1,689, ಎರಡನೆಯದರಲ್ಲಿ 1,857. ಸಂಖ್ಯೆಯ ಹತ್ತಿರವನ್ನಷ್ಟೇ ನೋಡಿದರೆ 3.73 ಸರಿ ಎನಿಸುತ್ತದೆ. ಆದರೆ ಇಷ್ಟಕ್ಕಾಗಿ ಫೋರ್ ವೀಲ್ ಡ್ರೈವ್ ಗಾಡಿಯ ಮುಂದಿನ, ಹಿಂದಿನ ಎರಡೂ ಆಕ್ಸಲ್ ಬಿಚ್ಚಿಸುವುದು ದಂಡ; ಖರ್ಚು ಅಷ್ಟೇ, ಫಲ ಅರ್ಧ. ಸೂತ್ರ ವ್ಯಾಸವನ್ನು ಮಾತ್ರ ಸರಿದೂಗಿಸುತ್ತದೆ. ಟೈರಿನ ತೂಕ, ಗಾಳಿಯ ತಡೆ, ಗಟ್ಟೆಗಳ ಒರಟು ಅದರ ಲೆಕ್ಕದಲ್ಲಿಲ್ಲ. ಅವನ್ನೂ ಸೇರಿಸಿದರೆ ಸೂತ್ರದ ಉತ್ತರಕ್ಕಿಂತ ಒಂದು ಮೆಟ್ಟಿಲು ಮೇಲಿನ ಅನುಪಾತವೇ ಉಚಿತ.

ಕಾರ್ಖಾನೆಗಳೂ ಇದನ್ನೇ ಮಾಡಿವೆ. ಫೋರ್ಡ್ 2010ರ ಮಾದರಿಯಾಗಿ ತಂದ ರಾಪ್ಟರ್ ಮೂಲತಃ ಎಫ್-150ಯೇ, ಆದರೆ ಅದಕ್ಕೆ 35 ಇಂಚಿನ ವರ್ಗದ 315/70 ಆರ್17 ಟೈರ್ ಹಾಕಿ, ಆಕ್ಸಲ್ 4.10 ಕೊಟ್ಟಿತು. ಜೀಪ್ ಕಂಪನಿಯ ಉದಾಹರಣೆ ಪಿಕಪ್ ಅಲ್ಲದ ರ‍್ಯಾಂಗ್ಲರಿನದಾದರೂ ಪಾಠ ಇನ್ನೂ ಸ್ಪಷ್ಟ. ರ‍್ಯಾಂಗ್ಲರ್ ರೂಬಿಕಾನ್‌ಗೆ ಸಾಮಾನ್ಯವಾಗಿ ಬರುತ್ತಿದ್ದುದು 33 ಇಂಚಿನ ಟೈರ್ ಮತ್ತು 4.10 ಆಕ್ಸಲ್. ಕಂಪನಿಯೇ 35 ಇಂಚಿನ ಟೈರ್ ಕೊಡುವ ಎಕ್ಸ್‌ಟ್ರೀಮ್ ರೀಕಾನ್ ಪ್ಯಾಕೇಜನ್ನು 2021ರಲ್ಲಿ ತಂದಾಗ ಆಕ್ಸಲ್ 4.56ಕ್ಕೇರಿತು. ಸೂತ್ರದ ಪ್ರಕಾರ 4.35 ಸಾಕಿತ್ತು.

ಗೇರ್ ಬಾಕ್ಸ್ ಯಾವುದೆಂಬುದರ ಮೇಲೂ ತೀರ್ಮಾನ ಬದಲಾಗುತ್ತದೆ. ಜನರಲ್ ಮೋಟರ್ಸ್ ಬಹಳ ವರ್ಷ ಬಳಸಿದ ನಾಲ್ಕು ಗೇರಿನ 4ಎಲ್60-ಇ ಆಟೊಮ್ಯಾಟಿಕ್ಕಿನ ಮೊದಲ ಗೇರ್ 3.06, ಕೊನೆಯದು 0.70. ನಡುವೆ ಇರುವುದು ಎರಡೇ ಮೆಟ್ಟಿಲು. ಅಂಥ ಗಾಡಿಗೆ ದೊಡ್ಡ ಟೈರ್ ಹಾಕಿ ಆಕ್ಸಲ್ ಮುಟ್ಟದಿದ್ದರೆ ಮೊದಲ ದಿನವೇ ಗೊತ್ತಾಗುತ್ತದೆ. ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕೂಡಿ ರೂಪಿಸಿದ ಹತ್ತು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರ್ 4.69, ಕೊನೆಯದು 0.64. ಹತ್ತನೆಯದು ಆಗದಿದ್ದರೆ ಒಂಬತ್ತು, ಅದೂ ಆಗದಿದ್ದರೆ ಎಂಟು ಎಂದು ಕಂಪ್ಯೂಟರ್ ಸದ್ದಿಲ್ಲದೆ ಹೊಂದಿಸಿಕೊಂಡು ಹೋಗುತ್ತದೆ. ಹೊಸ ಪಿಕಪ್ಪಿಗೆ 33 ಅಥವಾ 34 ಇಂಚು ಹಾಕಿಸಿ ಆಕ್ಸಲ್ ಬದಲಿಸದೆ ನೆಮ್ಮದಿಯಾಗಿರುವವರು ಹೆಚ್ಚಿರುವುದು ಇದರಿಂದಲೇ. ಡೀಸೆಲ್ ಟ್ರಕ್ಕುಗಳೂ ಹಾಗೆ. ಅವುಗಳ ಎಂಜಿನ್ 1,600–1,700 ಆರ್‌ಪಿಎಂ ಆಸುಪಾಸಿನಲ್ಲೇ ಪೂರ್ತಿ ಟಾರ್ಕ್ ಕೊಡುವುದರಿಂದ 3.73 ಆಕ್ಸಲ್ಲಿನಲ್ಲೇ 35 ಇಂಚನ್ನು ಎಳೆಯುತ್ತವೆ. ಆದರೆ ಭಾರಿ ಟ್ರೇಲರ್ ಎಳೆಯುವವರಿಗೆ ಈ ರಿಯಾಯಿತಿ ಇಲ್ಲ, ಗೇರ್ ಎಷ್ಟೇ ಇರಲಿ.

ಹಾಗೆಂದು ಅನುಪಾತವನ್ನು ಮನಬಂದಷ್ಟು ಏರಿಸುವಂತೆಯೂ ಇಲ್ಲ. ಹೌಸಿಂಗಿನ ಜಾಗ ಸೀಮಿತವಾದ್ದರಿಂದ ಕ್ರೌನಿನ ಗಾತ್ರ ಹೆಚ್ಚಿಸಲಾಗದು; ಸಂಖ್ಯೆ ಏರಬೇಕಾದರೆ ಪಿನಿಯನ್ ಚಿಕ್ಕದಾಗಬೇಕು. 4.88ರ ಪಿನಿಯನ್‌ಗೆ ಎಂಟೇ ಹಲ್ಲು ಎಂಬುದನ್ನು ಆಗಲೇ ನೋಡಿದ್ದಾಯಿತು. ಪಿನಿಯನ್ ಸಣ್ಣಗಾದಷ್ಟೂ ಒಮ್ಮೆಗೆ ಕಚ್ಚಿ ಹಿಡಿಯುವ ಲೋಹ ಕಡಿಮೆ. ಅದರ ಮೇಲೆ ದೊಡ್ಡ ಟೈರಿನ ಹೊರೆ ಬಿದ್ದಾಗ ಮುರಿಯುವ ಸಂಭವ ಹೆಚ್ಚು. 37 ಇಂಚು ದಾಟುವವರು ಅನುಪಾತದ ಜೊತೆಗೆ ಆಕ್ಸಲ್ಲಿನ ಬಲದ ಬಗ್ಗೆಯೂ ಯೋಚಿಸಬೇಕಾಗಿ ಬರುವುದು ಇದಕ್ಕೇ. ಇನ್ನೊಂದು ತೊಡಕು ಕ್ರೌನನ್ನು ಹೊತ್ತಿರುವ ಕ್ಯಾರಿಯರಿನದು. ಡಾನಾ 44 ಎಂಬ ಪ್ರಸಿದ್ಧ ಆಕ್ಸಲ್ಲಿನಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲಕ್ಕೆ ಇನ್ನೊಂದು. ಡಾನಾ 60ರಲ್ಲಿ ಈ ಗಡಿ 4.10 ಮತ್ತು 4.56ರ ನಡುವೆ ಇದೆ. ಗಡಿ ದಾಟಿದರೆ ಕ್ರೌನ್ ಪಿನಿಯನ್ ಜೊತೆಗೆ ಕ್ಯಾರಿಯರನ್ನೂ ಕೊಳ್ಳಬೇಕು. ಹೇಗೂ ಕೊಳ್ಳುವುದೇ ಆದರೆ ಲಾಕರ್ ಇರುವುದನ್ನೇ ಹಾಕಿಸಿಕೊಳ್ಳುವುದು ಜಾಣತನ. ಕೂಲಿ ಎರಡನೇ ಸಲ ತೆರಬೇಕಾಗಿಲ್ಲ.

ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಹಿಂದಿನ ಆಕ್ಸಲ್ ಒಂದನ್ನೇ ಬದಲಿಸುವ ಪ್ರಶ್ನೆಯೇ ಇಲ್ಲ. ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಜೋಡಿಸಿದಾಗ ಮುಂದಿನ, ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಹಿಂದೆ 4.10, ಮುಂದೆ 3.55 ಇದ್ದರೆ ಮುಂದಿನ ಚಕ್ರಗಳು ಒಂದು ದೂರ, ಹಿಂದಿನವು ಇನ್ನೊಂದು ದೂರ ಹೋಗಲು ಹವಣಿಸಿ ಜಗ್ಗಾಟಕ್ಕೆ ಬೀಳುತ್ತವೆ. ಗಟ್ಟಿ ರಸ್ತೆಯಾದರೆ ಯಾವುದಾದರೊಂದು ಭಾಗ ಮುರಿದೇ ಅದು ನಿಲ್ಲುವುದು. 4.10ಕ್ಕೆ 4.09 ಜೊತೆಯಾದರೆ ತೊಂದರೆಯಿಲ್ಲ, ಅಷ್ಟು ವ್ಯತ್ಯಾಸವನ್ನು ಟೈರ್ ನುಂಗಿಕೊಳ್ಳುತ್ತದೆ. ಖರ್ಚು ಏರುವುದು ಈ ಎರಡನೇ ಆಕ್ಸಲ್ಲಿನಿಂದ. ಸ್ಪೇರ್ ಟೈರೂ ಅದೇ ಅಳತೆಯದಾಗಿರಬೇಕು. ಒಂದು ಕಡೆ 35, ಇನ್ನೊಂದು ಕಡೆ 32 ಹಾಕಿಕೊಂಡು ಓಡಿದರೆ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ಲಿನ ಒಳಗಿನ ಗೇರ್‌ಗಳು ಬಿಡುವಿಲ್ಲದೆ ತಿರುಗಿ ಸವೆಯುತ್ತವೆ.

ಕ್ರೌನ್ ಪಿನಿಯನ್ ಕೂರಿಸುವುದು ಪಳಗಿದ ಕೈಯ ಕೆಲಸ. ಈ ಗೇರ್‌ಗಳು ಹೈಪಾಯ್ಡ್ ಬಗೆಯವು, ಪಿನಿಯನ್ ಕ್ರೌನಿನ ನಡುರೇಖೆಗಿಂತ ಕೆಳಗೆ ಬಂದು ಕಚ್ಚಿಕೊಳ್ಳುತ್ತದೆ. ಪ್ಯಾಕರ್ಡ್ ಕಾರು ಕಂಪನಿ 1926ರಲ್ಲಿ ಬಳಕೆಗೆ ತಂದ ಈ ವಿನ್ಯಾಸದಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುತ್ತವೆ. ಅದರಿಂದ ಸದ್ದು ಕಡಿಮೆ, ಬಲ ಹೆಚ್ಚು. ಆದರೆ ಜಿಎಲ್-5 ದರ್ಜೆಯ ಗೇರ್ ಆಯಿಲ್ಲೇ ಬೇಕು, ಅಳತೆಯೂ ಕೂದಲೆಳೆಯಷ್ಟು ಸರಿಯಾಗಬೇಕು. ಪಿನಿಯನ್ ಎಷ್ಟು ಒಳಗೆ ಕೂರಬೇಕೆಂಬುದನ್ನು ತೆಳು ಶಿಮ್‌ಗಳಿಂದ ಹೊಂದಿಸುತ್ತಾರೆ. ಎರಡು ಗೇರ್‌ಗಳ ಹಲ್ಲುಗಳ ನಡುವಿನ ಸಡಿಲ, ಮೆಕ್ಯಾನಿಕ್‌ಗಳು ಬ್ಯಾಕ್‌ಲ್ಯಾಶ್ ಎನ್ನುವುದು, ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಒಳಗಿರಬೇಕು. ಬೇರಿಂಗ್‌ಗಳಿಗೆ ಕೊಡುವ ಬಿಗಿತ ಬೇರೆ. ಎಲ್ಲ ಆದ ಮೇಲೆ ಹಲ್ಲುಗಳಿಗೆ ಬಣ್ಣದ ಪೇಸ್ಟ್ ಬಳಿದು ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಬಿದ್ದಿದೆಯೇ ಎಂದು ನೋಡುತ್ತಾರೆ. ತುದಿಗೋ ಬುಡಕ್ಕೋ ಸರಿದಿದ್ದರೆ ಮತ್ತೆ ಬಿಚ್ಚಿ ಶಿಮ್ ಬದಲಿಸಬೇಕು. ಅಚ್ಚು ನೋಡುವ ಹೆಜ್ಜೆಯನ್ನು ಹಾರಿಸುವ ಗ್ಯಾರೇಜಿಗೆ ಈ ಕೆಲಸ ಕೊಡಬಾರದು. ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಆಕ್ಸಲ್ ಊಳಿಡತೊಡಗುತ್ತದೆ.

ಹೊಸ ಗೇರ್‌ಗೆ ಪಳಗಿಸುವ ಅವಧಿಯೂ ಬೇಕು. ಮೊದಲು ಹದಿನೈದಿಪ್ಪತ್ತು ನಿಮಿಷ ನಿಧಾನವಾಗಿ ಓಡಿಸಿ, ಹೌಸಿಂಗ್ ಪೂರ್ತಿ ತಣಿಯುವವರೆಗೆ ನಿಲ್ಲಿಸಬೇಕು. ಮೊದಲ 500 ಮೈಲಿ, ಅಂದರೆ ಸುಮಾರು 800 ಕಿ.ಮೀ., ಟ್ರೇಲರ್ ಎಳೆಯಬಾರದು. ಆಮೇಲೆ ಲೋಹದ ಪುಡಿ ಬೆರೆತ ಎಣ್ಣೆಯನ್ನು ಬಸಿದು ಹೊಸತು ತುಂಬಬೇಕು.

ಕೊನೆಗೆ ಉಳಿಯುವುದು ಸ್ಪೀಡೋಮೀಟರ್. ಟೈರ್ ಬದಲಾದದ್ದು ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಮೇಲಿನ ಗಾಡಿಯಲ್ಲಿ ಮುಳ್ಳು 75 ಮೈಲಿ ತೋರುವಾಗ ನಿಜವಾದ ವೇಗ 82 ಮೈಲಿ, ಟೆಕ್ಸಸ್‌ನ ಪೊಲೀಸರು ಮುಳ್ಳನ್ನು ನೋಡಿ ಚೀಟಿ ಹರಿಯುವುದಿಲ್ಲ. ಓಡಿದ ದೂರವೂ ಶೇ 8ರಷ್ಟು ಕಡಿಮೆ ದಾಖಲಾಗುತ್ತದೆ. ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಪಾತಾಳಕ್ಕಿಳಿಯಿತೆಂಬ ದೂರಿನಲ್ಲಿ ಒಂದು ಪಾಲು ಈ ಸುಳ್ಳು ಲೆಕ್ಕದ್ದೇ. ಗೇರ್ ಬದಲಿಸುವ ಸಮಯವನ್ನು ನಿರ್ಧರಿಸುವುದೂ ಇದೇ ಮಾಹಿತಿ. ಹೊಸ ಗಾಡಿಗಳಲ್ಲಿ ಟೈರಿನ ಅಳತೆ, ಆಕ್ಸಲ್ ಅನುಪಾತ ಎರಡನ್ನೂ ಸ್ಕ್ಯಾನರ್ ಅಥವಾ ಕೈಯಲ್ಲಿ ಹಿಡಿಯುವ ಪ್ರೋಗ್ರಾಮರಿನಿಂದ ತುಂಬಿಸಬಹುದು. ಕೇಬಲ್ ಇದ್ದ ಹಳೆ ಗಾಡಿಗಳಲ್ಲಿ ಗೇರ್ ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಗೇರನ್ನು ಬೇರೆ ಹಲ್ಲಿನದಕ್ಕೆ ಬದಲಿಸಿದರೆ ಮುಗಿಯಿತು.

ಕರ್ನಾಟಕದಲ್ಲಿ ಇಸುಝು ವಿ-ಕ್ರಾಸ್ ಅಥವಾ ಟೊಯೊಟಾ ಹೈಲಕ್ಸ್ ಇಟ್ಟುಕೊಂಡವರಿಗೆ ಲೆಕ್ಕವೆಲ್ಲ ಇದೇ, ಕಾನೂನು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ತಯಾರಕರ ಮೂಲ ವಿವರಗಳಿಂದ ದೂರ ಸರಿಯುವಂಥ ಮಾರ್ಪಾಡನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯ ತೀರ್ಪಿನಲ್ಲಿ ಅದನ್ನು ಎತ್ತಿಹಿಡಿದಿದೆ. ಇಲ್ಲಿನ ಮಾಲೀಕರು ಟೈರಿನಂಗಡಿಗೆ ಹೋಗುವ ಮುನ್ನ ತಮ್ಮ ಮಾದರಿಗೆ ಕಂಪನಿ ಒಪ್ಪಿರುವ ಅಳತೆಗಳ ಪಟ್ಟಿ ನೋಡಿ, ಅದರೊಳಗೇ ಆರಿಸಿಕೊಳ್ಳುವುದು ಒಳಿತು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಕ್ರೌನ್ ಪಿನಿಯನ್ ಮುಟ್ಟುವ ಅಗತ್ಯವೂ ಬೀಳುವುದಿಲ್ಲ.